ಗಡಿಗೆ ಮುಟ್ಟಬೇಡಿ

೨೭ ಜುಲೈ ೧೯೭೫, ಬೆಳಿಗ್ಗೆ
ಗಡಿಗೆಯ ಮಣ್ಣಿಗೆ ನೀರು ಚಿಮುಕಿಸಿದೆ. ಕೊಳೆತ ಆಲದೆಲೆ, ಸೌತೆಕಾಯಿ ಚೂರು ಇಟ್ಟೆ. ನಿನ್ನೆಯ ಚೂರು ಹಾಗೇ ಇದೆ. ನನ್ನ ಎರಡೂ ಸಹಸ್ರಪದಿಗಳು ಪೊರೆ ಬಿಡಲು ಮಣ್ಣಿಗಿಳಿದಿವೆ. ಕಾಲೇಜಿನ ಝುವಾಲಜಿ ಇಷ್ಟಕ್ಕಾದರೂ ಬಂತು! ಈಗ ಅವುಗಳ ಮೈ ಬೆಣ್ಣೆ. ಮಣ್ಣು ಕದಡಿದರೆ ಸಾಯುತ್ತವೆ.

ಅತ್ತೆ ಸಖೂಬಾಯಿಗೂ ಹೇಳಿದೆ. "ಸತ್ತಾವ ಬಿಡ. ಹುಳಾ ಸಾಕ್ತಾರೇನ ಬೇ ಯಾರರ? ಓಣ್ಯಾಗ ನಗ್ತಾರ."

ನಗಲಿ. ಇಬ್ರಾಹಿಂಪುರದ ಈ ಮನೆಯಲ್ಲಿ ಪಾತ್ರೆ, ಹಾಸಿಗೆ, ಗೋಡೆಯ ಫೋಟೋ ಎಲ್ಲ ಅವರವು. ಗಡಿಗೆ ನನ್ನದು.

೬ ಆಗಸ್ಟ್
ಇನ್ನೂ ಮೇಲೆ ಬಂದಿಲ್ಲ. ಅತ್ತೆ ಓಣಿಗೆಲ್ಲ ಹೇಳಿಯಾಗಿದೆ: "ಆಕಿ ಪಂಚಮಿಗೆ ತವರಿಗೆ ಹೋಗ್ಲಿ, ಗಡಗಿ ತಿಪ್ಪಿಗೆ."

ಇವರು ಸ್ಟೇಷನ್ ಡ್ಯೂಟಿಗೆ ಹೊರಟಿದ್ದರು. ನಾನಿಲ್ಲದಾಗ ಗಡಿಗೆ ಕಾಯುತ್ತೀರಾ ಎಂದೆ. "ಅವ್ವಗ ಯಾರು ಹೇಳಬೇಕು?" ಚಪ್ಪಲಿ ಮೆಟ್ಟಿ ನಡೆದರು. ಗಂಡಸಂತೆ!

೧೦ ಆಗಸ್ಟ್, ಮಧ್ಯಾಹ್ನ
ಪಂಚಮಿಗೆ ಕರೆಯಲು ತವರು ಬಬಲೇಶ್ವರದಿಂದ ತಮ್ಮ ರಮೇಶ ಬಂದ. "ಜೋಕಾಲಿ ಕಟ್ಟೇವಿ. ಅವ್ವ ದಾರಿ ನೋಡಾಕತ್ತಾಳ, ಅಕ್ಕಾ."

ಬರಲ್ಲ ಎಂದೆ.

"ಹುಳದ ಸಲುವಾಗಿ?"

"ಹೌದೋ, ಹುಳದ ಸಲುವಾಗಿ."

ಗಡಿಗೆಯನ್ನೂ ತಾ ಎಂದ. ಬಸ್ಸಿನಲ್ಲಿ ಕುಲುಕಿದರೆ ಮುಗಿಯಿತು. ಒಬ್ಬನೇ ಹೋದ. ಅವ್ವನನ್ನು ನೆನೆದು ಅಳು ಬಂತು... ಅತ್ತೆಯ ಮುಂದೆ ಅಳಲಿಲ್ಲ.

೧೨ ಆಗಸ್ಟ್, ಪಂಚಮಿ
ನಾಗಪ್ಪನಿಗೆ ಹಾಲೆರೆದು ಬಂದವರೇ ಅತ್ತೆ ಕಳೆ ತೆಗೆಯುವ ಕುರ್ಪಿ ಹಿಡಿದರು. "ತವರು ಬಿಟ್ಟ ಕುಂತ್ಯಲ್ಲ, ತೋರಸ್ತೀನಿ ಬಾ ನಿನ್ನ ಹುಳದ ಹೆಣಾ."

ಅಡ್ಡ ನಿಂತೆ. "ಅಗೀರಿ ಅತ್ತಿ. ಪಂಚಮಿ ದಿನಾ ಮಣ್ಣ ಅಗದ ಪಾಪ ನಿಮಗ."

ಇವತ್ತು ಮಣ್ಣಿಗೆ ಕಬ್ಬಿಣ ತಾಗಿಸಬಾರದು ಎಂದು ನನಗೆ ಕಲಿಸಿದವರೇ ಅವರು. ಅವರ ಕೈ ತಡೆಯಿತು. "ನಾಳಿ ಪಂಚಮಿ ಇರೂದಿಲ್ಲ, ನೆನಪಿಡ" ಎಂದರು.

೧೩ ಆಗಸ್ಟ್, ಬೆಳಿಗ್ಗೆ
ಹಿತ್ತಲಲ್ಲೇ ಕುಳಿತು ಬರೆಯುತ್ತಿದ್ದೇನೆ. ಗಡಿಗೆ ಮೊಣಕಾಲುಗಳ ನಡುವೆ. ಚಹಾ ಮಾಡಿಲ್ಲ. ಮಾಡುವುದೂ ಇಲ್ಲ. ಎದುರಿಗೆ ಅತ್ತೆ, ಕುರ್ಪಿ ಸಮೇತ.

"ಏಳ."

"ಏಳೂದಿಲ್ರಿ."

ಮಣ್ಣು ಅಲುಗಿತು. ನನಗಿಂತ ಮೊದಲು ಅವರಿಗೇ ಕಂಡಿತು. "ಯವ್ವಾ, ಜೀವಂತ ಐತಿ..."

ಮಾಸಲು ಬಿಳಿ ಮೂತಿ. ಹೊಸ ಕಾಲುಗಳು. ಬಂದದ್ದು ಒಂದೇ. ಇನ್ನೊಂದು ಒಳಗಿದೆ. ಅದು ಬರುವವರೆಗೂ ಏಳುವುದಿಲ್ಲ.

ಅತ್ತೆ ಕುರ್ಪಿ ಕೆಳಗಿಟ್ಟು ಒಳಗೆ ಹೋದರು. ಮರಳಿ ಬರುತ್ತಿದ್ದಾರೆ, ಕೈಯಲ್ಲಿ ಏನೋ ಇದೆ. ಹುಳಕ್ಕೆ ಹಾಕಲು ಸೌತೆಕಾಯಿಯಾದರೆ ಸರಿ. ಬೇರೆ ಏನಾದರೂ ಆದರೆ —