ನವಿಲಿನ ಪಕ್ಕದ ಮೈಸಂದು

ಟೈಲ್ಸ್ ಮೀನು ಎದ್ದು ನಿಂತ ನೂರಾ ನಲವತ್ತೊಂದನೆಯ ವರ್ಷ, ಹದಿಮೂರನೆಯ ತಿಂಗಳ ಮೂರನೆಯ ಬೆಳಗು
ಕಡೆಕೇರಿ

ಮೊದಲ ಮೀನು ಮಾಡಿದವರಿಗೆ ಕೆಂಚವ್ವನ ನಮಸ್ಕಾರಗಳು.

ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಮನ್ನಿಸಬೇಕು. ನಾನು ಓದಿದ್ದು ನಾಲ್ಕನೆಯ ತರಗತಿ. ನಿಮ್ಮ ಕಾಲದ ಬರಹವೆಂದರೆ ಹಳೆಯ ಸಿಮೆಂಟ್ ಚೀಲಗಳ ಮೇಲಿನ ಅಕ್ಷರ ಮಾತ್ರ ನೋಡಿದ್ದೇನೆ. ಹಿರಿಯರಿಗೆ ಕಾಗದ ಬರೆಯುವಾಗ ಮೊದಲು ಏನು ಕೇಳಬೇಕೆಂದು ಅವ್ವನನ್ನು ವಿಚಾರಿಸಿದೆ. ‘ಊಟ ಆತೇನು ಅಂತ ಕೇಳವ್ವಾ’ ಅಂದಳು. ನಿಮ್ಮದು ಊಟವಾಯಿತೆ?

ನೀವು ಮೀನು ಮಾಡಿದ ಕಥೆ ನಮ್ಮ ಕೇರಿಯ ಮಕ್ಕಳಿಗೆಲ್ಲ ಬಾಯಿಪಾಠ. ಮನೆ ಕಟ್ಟಿ ಉಳಿದ ಬಚ್ಚಲಿನ ಟೈಲ್ಸ್ ಚೂರು, ಕಂಬಿಯ ತುಂಡು ರಸ್ತೆಬದಿಗೆ ಗುಡ್ಡೆ ಬಿದ್ದಿದ್ದವಂತೆ. ಎಸೆಯಲು ಮನಸ್ಸು ಬಾರದೆ ನೀವು ಅವನ್ನೆಲ್ಲ ಸೇರಿಸಿ ಮೂಲೆಯಲ್ಲಿ ಒಂದು ಮೀನು ನಿಲ್ಲಿಸಿದಿರಿ. ಹೋಗಿಬರುವವರು ನಿಂತು ನೋಡಿ ನಕ್ಕರು. ಆ ಮೀನು ಇನ್ನೂ ಇದೆ. ಎಡಗಣ್ಣು ಬಿದ್ದುಹೋಗಿದೆ, ಬಾಲ ಗಟ್ಟಿಯಾಗಿದೆ.

ನಿಮ್ಮ ನಂತರದವರು ಅದನ್ನೇ ಕಟ್ಟಳೆ ಮಾಡಿದರು. ಕಟ್ಟಿ ಉಳಿದದ್ದಕ್ಕೆ ನಾವು ಮಿಕ್ಕು ಅನ್ನುತ್ತೇವೆ. ಮಿಕ್ಕು ಕೇರಿ ದಾಟಬಾರದು. ಮುಂದಿನ ಅಮಾವಾಸ್ಯೆಯೊಳಗೆ ಅದೇ ಕೇರಿಯಲ್ಲಿ, ಎಲ್ಲರಿಗೂ ಕಾಣುವಂತೆ, ಗೊಂಬೆಯಾಗಿ ನಿಲ್ಲಬೇಕು. ಒಣಗಿದ ಮೇಲೆ ಅದನ್ನು ಒಡೆಯಲು, ಸರಿಸಲು ಮೊದಲ ಮೀನಿನವರ, ಅಂದರೆ ನಿಮ್ಮ, ಅಪ್ಪಣೆ ಬೇಕು. ಅಪ್ಪಣೆಯಿಲ್ಲದೆ ಒಡೆದವರ ಕೈಗೆ ಮತ್ತೆ ಗಾರೆ ಮೆತ್ತುವ ಕರಣೆ ಕೊಡುವುದಿಲ್ಲ. ಅಪ್ಪಣೆ ಬೇಕಾದವರು ಚೀಟಿ ಬರೆದು ಮೀನಿನ ಹೊಟ್ಟೆಯ ಕಿಂಡಿಗೆ ಹಾಕಬೇಕು. ನಾಲ್ಕು ತಲೆಮಾರಿನಿಂದ ಹಾಕುತ್ತಿದ್ದಾರೆ, ಯಾರಿಗೂ ಉತ್ತರ ಬಂದಿಲ್ಲ.

ಈಗ ನಮ್ಮ ಕೇರಿಯಲ್ಲಿ ಮನೆಗಳು ಇಪ್ಪತ್ತೆರಡು, ಗೊಂಬೆಗಳು ಎಪ್ಪತ್ತಕ್ಕೂ ಹೆಚ್ಚು. ಪೈಪಿನ ಆನೆಯ ಸೊಂಡಿಲಿಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತೇವೆ. ಕೊಡವನ್ನು ಸೊಂಟದ ಮೇಲೆ ಹೊರುವಂತಿಲ್ಲ, ತಲೆಯ ಮೇಲೇ ಹೊರಬೇಕು. ಮಂಚವನ್ನು ಬಿಡಿಬಿಡಿಯಾಗಿ ತರುತ್ತೇವೆ. ಸತ್ತವರನ್ನು ಹಲಗೆಗೆ ಕಟ್ಟಿ, ನಿಲ್ಲಿಸಿಕೊಂಡೇ ಒಯ್ಯುತ್ತೇವೆ. ಗೊಂಬೆಗಳು ಚೆಂದವಾಗಿಯೇ ಇವೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಬಿಸಿಲು ಬಿದ್ದರೆ ಗೋಡೆಗಳ ಮೇಲೆಲ್ಲ ಬಣ್ಣ ಹರಿಯುತ್ತದೆ. ಆದರೆ ಎರಡು ಹೆಜ್ಜೆ ಹಿಂದೆ ಸರಿದು ನೋಡಲು ಜಾಗವಿಲ್ಲ. ಉಳಿದ ದಾರಿಗಳೆಲ್ಲ ಅಜ್ಜಿಯ ಕಾಲದಲ್ಲೇ ಮುಚ್ಚಿಹೋದವು. ಕೇರಿಯ ಬಾಯಿಯಲ್ಲಿ ಒಂದೇ ಒಂದು ಮೈಸಂದು ಉಳಿದಿತ್ತು. ಮೈಯನ್ನು ಅಡ್ಡ ತಿರುಗಿಸಿ ದಾಟುವಷ್ಟು ಜಾಗಕ್ಕೆ ಆ ಹೆಸರು. ಗೊಂಬೆ ಮಾಡುವವರು ತಾವೇ ಅದರಲ್ಲಿ ನಿಂತು, ತಮ್ಮ ಮೈಯನ್ನೇ ಅಳತೆಯಾಗಿ ಹಿಡಿದು, ಅಷ್ಟನ್ನು ಬಿಟ್ಟು ಕಟ್ಟಬೇಕು.

ಅಕ್ಕ ಹೊಳಿಯವ್ವ ಬಸಿರಿನ ಏಳನೆಯ ತಿಂಗಳಲ್ಲಿ ಚೊಚ್ಚಲ ಹೆರಿಗೆಗೆಂದು ಬಂದಳು. ಅವಳಿಗಾಗಿ ನಾವು ಮನೆಯೊಳಗೇ ಒಂದು ಬಾಣಂತಿ ಕೋಣೆ ಕಟ್ಟಿದೆವು. ಕೋಣೆ ಚಿಕ್ಕದು, ಮಿಕ್ಕು ಬಹಳವಾಯಿತು. ಕೇರಿಯೊಳಗೆ ಎಲ್ಲೂ ಜಾಗವಿರಲಿಲ್ಲ. ಯಂಕೋಬಣ್ಣ ಮೇಸ್ತ್ರಿ ‘ಟೈಲ್ಸಿಗೆ ಕೆಂಚಿ ಕೈನೇ ಚಲೋ’ ಎಂದು ಕೆಲಸ ನನಗೆ ಒಪ್ಪಿಸಿದರು. ನನ್ನನ್ನು ಯಾರೂ ಅಷ್ಟು ಜನರ ಎದುರು ಹೊಗಳಿರಲಿಲ್ಲ. ಕೇರಿಯ ಬಾಯಿಯಲ್ಲಿ ರೆಕ್ಕೆ ಬಿಚ್ಚಿದ ನವಿಲು ಕಟ್ಟಿದೆ. ನಾನೇ ನಿಂತು ಮೈಸಂದು ಅಳೆದೆ. ನಾನು ಕಡ್ಡಿಯಂತಿದ್ದೇನೆ. ಅಕ್ಕ ಮನೆಯೊಳಗೆ ಮಲಗಿದ್ದಳು. ಅವಳ ಹೊಟ್ಟೆ ನನಗೆ ನೆನಪಾಗಲಿಲ್ಲ.

ನವಿಲು ಒಣಗಿದ ಮೇಲೆ ಸೂಲಗಿತ್ತಿ ದ್ಯಾಮವ್ವ ಆಚೆ ಕೇರಿಯಿಂದ ಬಂದಳು. ಅವಳು ಮೈತುಂಬಿದ ಹೆಂಗಸು. ಭುಜ ತೂರಿಸಿ ನೋಡಿದಳು, ಉಸಿರು ಹಿಡಿದು ನೋಡಿದಳು. ‘ಏ ಕೆಂಚಿ, ನಿನ್ನ ನವಿಲು ನನ್ನ ನುಂಗಾಕ ನಿಂತೈತೇನ? ಕೈ ಬರ್ತೈತಿ, ನಾ ಬರಂಗಿಲ್ಲ. ಕೂಸಿಗೆ ಹೇಳ, ಇಲ್ಲೇ ಬಂದು ಹುಟ್ಟು ಅಂತ.’ ಎಲ್ಲರೂ ನಕ್ಕರು, ಅಕ್ಕನೂ ನಕ್ಕಳು. ಆಮೇಲೆ ಅಕ್ಕನನ್ನು ಸಂದಿಗೆ ಒತ್ತಿ ನಿಲ್ಲಿಸಿದೆವು. ದ್ಯಾಮವ್ವ ಮೊಣಕೈವರೆಗೆ ಕೈ ಚಾಚಿ ಹೊಟ್ಟೆ ಮುಟ್ಟಿದಳು, ಮತ್ತೆ ಮುಟ್ಟಿದಳು. ನಗು ನಿಂತಿತು. ‘ಕೂಸು ಅಡ್ಡ ಮಲಗೇತಿ. ನಾ ಬಾಜೂಕ ಇರಬೇಕು’ ಅಂದಳು.

ಏಣಿ ಇಟ್ಟು ದಾಟಿಸೋಣವೆಂದರೆ ನವಿಲಿನ ಗರಿಗಳೆಲ್ಲ ಒಡೆದ ಗಾಜು. ಅದನ್ನು ಚುಚ್ಚಿದವಳೂ ನಾನೇ. ಮೇಸ್ತ್ರಿ ತಲೆ ತಗ್ಗಿಸಿ ‘ಕಟ್ಟಳೆ ಅಂದ್ರ ಕಟ್ಟಳೆ ತಂಗಿ, ಚೀಟಿ ಹಾಕು’ ಅಂದರು. ಇಂದು ಬೆಳಕು ಹರಿಯುವಾಗ ಅಕ್ಕನಿಗೆ ನೋವು ಶುರುವಾಗಿದೆ. ದ್ಯಾಮವ್ವ ಆಚೆ ಕಲ್ಲಿನ ಮೇಲೆ ಕುಳಿತಿದ್ದಾಳೆ. ಆಗಾಗ ಅವಳ ಬಳೆಯ ಸದ್ದು ಕೇಳಿಸುತ್ತದೆ.

ಆದ್ದರಿಂದ ಬೇಡಿಕೊಳ್ಳುತ್ತೇನೆ. ನಿಮ್ಮ ಮೀನಿನ ಬುಡದಲ್ಲಿ ಅಂಗೈಯಗಲ ಸಿಮೆಂಟು ಖಾಲಿ ಇದೆ. ಅಂದು, ಅದು ನಿಮ್ಮ ಕೈಯಲ್ಲಿ ಹಸಿಯಾಗಿರುವಾಗಲೇ, ಒಂದು ಕಡ್ಡಿ ತೆಗೆದುಕೊಂಡು, ‘ದಾರಿ ಬೇಕಾದಾಗ ಒಡೆಯಿರಿ’ ಎಂದು ಬರೆಯಿರಿ. ಒಂದು ಸಾಲು ಸಾಕು. ಉಳಿದದ್ದನ್ನು ಎಸೆಯದವರು ನೀವು. ಬದುಕಿರುವವರನ್ನು ಎಸೆಯಲು ನಿಮಗೆ ಮನಸ್ಸಾಗಲಾರದು ಎಂದು ನಂಬಿದ್ದೇನೆ.

ಈ ಚೀಟಿಯನ್ನು ಕಿಂಡಿಗೆ ಹಾಕಿ, ಬಗ್ಗಿ ಬುಡ ನೋಡುತ್ತೇನೆ. ಸಾಲು ಇದ್ದರೆ ಕೇರಿಯವರನ್ನೆಲ್ಲ ಕರೆದು ಓದಿ ಹೇಳುತ್ತೇನೆ. ಇಲ್ಲದಿದ್ದರೆ ಯಾರನ್ನೂ ಕರೆಯುವುದಿಲ್ಲ. ಅವ್ವ ಸುತ್ತಿಗೆ ತಂದು ನನ್ನ ಪಕ್ಕ ಇಟ್ಟು ಒಳಗೆ ಹೋದಳು. ಹಿರಿಯರ ಎದುರು ನಾನು ಈವರೆಗೆ ದನಿ ಎತ್ತಿದವಳಲ್ಲ. ಆದರೆ ಸಂದಿನ ಕಡೆಯ ರೆಕ್ಕೆಗೆ ಎರಡೇ ಕಂಬಿ ಹಾಕಿದ್ದೇನೆ. ಎಲ್ಲಿ ಹೊಡೆದರೆ ಬೀಳುತ್ತದೆಂಬುದು ನನಗೊಬ್ಬಳಿಗೇ ಗೊತ್ತು.

ಇಂತಿ,
ಈ ಹೊತ್ತಿನವರೆಗೆ ಕರಣೆ ಹಿಡಿದಿದ್ದ
ಕೆಂಚವ್ವ