ಖಣದ ಅಂಚಿನ ಅಕ್ಷರ

ಬಾಗಲಕೋಟೆ, ಮಂಗಳವಾರ

ಅಪ್ಪನವರಿಗೆ ಶೈಲಾಳ ನಮಸ್ಕಾರಗಳು.

ನೀವು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಪತ್ರ. “ಚೌಕ, ಗೆರಿ ಬರಿಯಾಕ ಕಾಲೇಜ ಯಾಕ ಬೇಕವಾ?” ಎಂದು ನಾನು ಚಿತ್ರಕಲಾ ಕಾಲೇಜಿಗೆ ಹೊರಟ ದಿನ ಮಗ್ಗದಿಂದ ಏಳದೆಯೇ ಕೇಳಿದ್ದಿರಿ.

ಇಲ್ಲಿ ತರಗತಿಯಲ್ಲಿ ನಮ್ಮ ಸರ್ ಹಳೆಯ ವಿದೇಶಿ ಪೋಸ್ಟರುಗಳನ್ನು ತೋರಿಸಿದರು. ಎಲ್ಲವೂ ಚೌಕ, ಗೆರೆ, ನೆಟ್ಟಗಿನ ಅಕ್ಷರ. ನಮ್ಮ ದುಂಡನೆಯ ಕನ್ನಡ ಅಕ್ಷರಗಳು ಹಾಗೆ ಚೌಕದಲ್ಲಿ ಕೂರುವುದಿಲ್ಲ ಎಂದರು. ನೀವು ಅಂಚಿನಲ್ಲಿ ನನ್ನ ಹೆಸರು ನೇಯ್ದ ರವಿಕೆಯ ಖಣವನ್ನು ಅವರ ಮುಂದೆ ಹರಡಿದೆ. ಸಣ್ಣ ಚೌಕಗಳು ಮೆಟ್ಟಿಲು ಮೆಟ್ಟಿಲಾಗಿ ಸೇರಿ ದುಂಡಗಾದ ‘ಶ’ವನ್ನು ಬಹಳ ಹೊತ್ತು ನೋಡಿದರು. ಅಂಥ ಅಕ್ಷರಗಳಲ್ಲೇ ನನ್ನ ಪೋಸ್ಟರ್ ಮುಗಿಯುತ್ತ ಬಂದಿದೆ; ಸೋಮವಾರ ಪ್ರದರ್ಶನ.

ನಿಮ್ಮಿಂದ ಒಂದು ಕೆಲಸ ಆಗಬೇಕು. ಮನೆಯವರ ಹೆಸರನ್ನೆಲ್ಲ ನೇಯ್ದಿರಿ, ನಿಮ್ಮದನ್ನು ಎಂದೂ ನೇಯಲಿಲ್ಲ. ಜೊತೆಗಿಟ್ಟ ಗ್ರಾಫ್ ಹಾಳೆಯಲ್ಲಿ ಅದನ್ನು ಚೌಕ ಚೌಕವಾಗಿ ತುಂಬಿ, ಗುಳೇದಗುಡ್ಡದಿಂದ ಇಲ್ಲಿಗೆ ಬರುವ ಬಸ್ಸಿನಲ್ಲಿ ಕೊಟ್ಟು ಕಳಿಸಿರಿ. ಪೋಸ್ಟರಿನಲ್ಲಿ ನನ್ನ ಹೆಸರಿನ ಮೇಲೆ ಜಾಗ ಬಿಟ್ಟಿದ್ದೇನೆ.

ನಿಮ್ಮ ಮಗಳು,
ಶೈಲಾ