ಕಾಲು ಉಳುಕಿಸಿಕೊಳ್ಳಲು ವಿನಂತಿ

ಶಿಕಾರಿಪುರ, ಬುಧವಾರ

ಸೊರಬದ ಅನಸೂಯಕ್ಕನಿಗೆ, ತಂಗಿಯ ಕಂಗಾಲಾದ ನಮಸ್ಕಾರಗಳು.

ಭಾನುವಾರ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುತ್ತೇವೆ. ಕೆಳಗೆ ಹಾಸಬೇಕಾದ, ಅವ್ವನ ಹಳೆ ಸೀರೆಗಳ ಕೌದಿ ಅರ್ಧಕ್ಕೇ ನಿಂತಿದೆ. ಸೋಮವಾರ ಸೂಜಿ ಹಿಡಿದೆ, ಬೀಗರು ಬಂದರು. ನಿನ್ನೆ ಹಿಡಿದೆ, ಗ್ಯಾಸ್ ಮುಗಿಯಿತು. ಇವತ್ತು ಇವರು ಕೌದಿಯ ಮೇಲೇ ಕೂತು, “ಖಾಲಿ ಕುಂತೀಯಲ್ಲ, ಚಾ ಮಾಡೇ” ಅಂದರು.

ಈ ಮನೆಯಲ್ಲಿ ಹೊಲಿಗೆಗೆ ರಜೆಯಿಲ್ಲ, ಕಾಯಿಲೆಯವರ ಆರೈಕೆಗೆ ಮಾತ್ರ ಉಂಟು. ಆದ್ದರಿಂದ ನಾಳೆ ಬೆಳಗ್ಗೆ ದಯವಿಟ್ಟು ಕಾಲು ಉಳುಕಿಸಿಕೊಂಡು, ಇವರಿಗೆ ಫೋನ್ ಮಾಡಿ ನರಳು. ಕೌದಿ ಸಮೇತ ಓಡಿ ಬರುತ್ತೇನೆ. ಫೋನಿನಲ್ಲಿ ಹೇಳಿದರೆ ಮನೆಯವರೆಲ್ಲ ಕೇಳುತ್ತಾರೆಂದು ಈ ಪತ್ರವನ್ನು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸುತ್ತಿದ್ದೇನೆ.

ಅವ್ವ ಕೊನೆಗೆ ಉಟ್ಟಿದ್ದ ಹಸಿರು ಸೀರೆಯ ತುಂಡು ನಡುವಿಗೆ ಬರಬೇಕು. ಅದಕ್ಕೆ ಸೂಜಿ ಚುಚ್ಚಲು ನನಗೆ ಕೈ ಬರುತ್ತಿಲ್ಲ. ಅದನ್ನು ನೀನೇ ಹೊಲಿ. ಉಳುಕುವುದು ಕಾಲು ತಾನೆ, ಕೈಯಲ್ಲವಲ್ಲ.

ನಿನ್ನ ನರಳಾಟಕ್ಕೆ ಕಾದಿರುವ,
ವಿಶಾಲಾಕ್ಷಿ